ಗೊತ್ತಿಲ್ಲದಿರುವುದರ ಭಾರ

2025ರ ಸೆಪ್ಟೆಂಬರ್ 19ರ ಶುಕ್ರವಾರ ಅಮೆರಿಕದ ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಎಚ್-1ಬಿ ವೀಸಾಕ್ಕೆ ಒಂದು ಲಕ್ಷ ಡಾಲರ್ ಶುಲ್ಕ ವಿಧಿಸುವ ಘೋಷಣೆಗೆ ಸಹಿ ಹಾಕಿದರು. ಅದು ಯಾರಿಗೆ ಅನ್ವಯಿಸುತ್ತದೆ, ಈಗಾಗಲೇ ವೀಸಾ ಇದ್ದು ರಜೆಗೆ ಊರಿಗೆ ಬಂದವರೂ ಕಟ್ಟಬೇಕೆ, ಒಮ್ಮೆ ಕಟ್ಟಿದರೆ ಸಾಕೆ ಅಥವಾ ವರ್ಷ ವರ್ಷವೂ ಕಟ್ಟಬೇಕೆ ಎಂಬುದು ಯಾರಿಗೂ ತಿಳಿದಿರಲಿಲ್ಲ. ದೊಡ್ಡ ಕಂಪನಿಗಳು ದೇಶದ ಹೊರಗಿದ್ದ ತಮ್ಮ ನೌಕರರಿಗೆ ಶನಿವಾರದೊಳಗೆ ಹಿಂತಿರುಗಿ ಎಂದು ಮೇಲ್ ಕಳಿಸಿದವು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಹೊರಡಲು ಸಿದ್ಧವಾಗಿದ್ದ ವಿಮಾನವೊಂದರಿಂದ ಭಾರತೀಯ ಪ್ರಯಾಣಿಕರು ಕೆಳಗಿಳಿದರು. ನವರಾತ್ರಿಗೆ ಇನ್ನು ಮೂರೇ ದಿನ. ಮಗನೋ ಮಗಳೋ ಅಮೆರಿಕದಲ್ಲಿರುವ ಮನೆಗಳಿಗೆ ನಮ್ಮಲ್ಲೇನೂ ಕೊರತೆಯಿಲ್ಲ. ಅಂಥ ಮನೆಗಳಲ್ಲಿ ಆ ರಾತ್ರಿ ನಿದ್ದೆ ಮಾಡಿದವರು ಕಡಿಮೆ. ಮರುದಿನ ಶ್ವೇತಭವನದಿಂದ ಸ್ಪಷ್ಟನೆ ಬಂತು: ಹೊಸ ಅರ್ಜಿಗಳಿಗೆ ಮಾತ್ರ, ಒಂದೇ ಬಾರಿ.

ಇದೇ ಮಾತನ್ನು ಶುಕ್ರವಾರವೇ ಹೇಳಿದ್ದರೆ ಜನರಿಗೆ ಸಿಟ್ಟು ಬರುತ್ತಿತ್ತು, ಟಿವಿಯಲ್ಲಿ ಚರ್ಚೆ ಆಗುತ್ತಿತ್ತು. ಆ ರಾತ್ರಿಯ ನಡುಕ ಇರುತ್ತಿರಲಿಲ್ಲ. ಶುಲ್ಕದ ಮೊತ್ತಕ್ಕಿಂತ ಹೆಚ್ಚು ಕಾಡಿದ್ದು ಅದು ತಮಗೆ ತಗಲುತ್ತದೋ ಇಲ್ಲವೋ ತಿಳಿಯದೆ ಕುಳಿತ ಆ ಕೆಲವು ಗಂಟೆಗಳು.

ಈ ವ್ಯತ್ಯಾಸವನ್ನು ಪ್ರಯೋಗಶಾಲೆಯಲ್ಲಿ ಅಳೆದವರಿದ್ದಾರೆ. 2016ರಲ್ಲಿ ಯೂನಿವರ್ಸಿಟಿ ಕಾಲೇಜ್ ಲಂಡನ್ನಿನ ಸಂಶೋಧಕರು 45 ಮಂದಿಯನ್ನು ಕಂಪ್ಯೂಟರ್ ಮುಂದೆ ಕೂರಿಸಿ ಒಂದು ಆಟ ಆಡಿಸಿದರು. ಪರದೆಯ ಮೇಲೆ ಒಂದು ಕಲ್ಲು. ಅದರ ಕೆಳಗೆ ಹಾವು ಇದೆಯೋ ಇಲ್ಲವೋ ಊಹಿಸಬೇಕು. ಹಾವು ಇದ್ದರೆ ಕೈಗೆ ನೋವಾಗುವಷ್ಟು ಶಾಕ್. ಆಡುವವರ ಬೆವರನ್ನೂ ಕಣ್ಣಿನ ಪಾಪೆ ಹಿಗ್ಗುವುದನ್ನೂ ಅಳೆಯುತ್ತಿದ್ದರು. ಶಾಕ್ ಖಂಡಿತ ಎಂದು ಗೊತ್ತಿದ್ದಾಗ ಇದ್ದ ಒತ್ತಡಕ್ಕಿಂತ, ಬರಲೂಬಹುದು ಬಾರದಿರಲೂಬಹುದು ಎಂಬ ಅರ್ಧಕ್ಕರ್ಧ ಸ್ಥಿತಿಯಲ್ಲಿ ಒತ್ತಡ ಹೆಚ್ಚಿತ್ತು. ಇನ್ನೊಂದು ಸಂಗತಿಯೂ ಕಂಡಿತು: ಅನಿಶ್ಚಿತತೆ ಏರಿ ಇಳಿದಂತೆ ಯಾರ ಒತ್ತಡವೂ ಏರಿ ಇಳಿಯುತ್ತಿತ್ತೋ ಅವರೇ ಹಾವನ್ನು ಹೆಚ್ಚು ಸರಿಯಾಗಿ ಊಹಿಸುತ್ತಿದ್ದರು. ಎಂದರೆ ಎದೆ ಡವಗುಟ್ಟುವುದು ಬರೀ ದೌರ್ಬಲ್ಯವಲ್ಲ. ಮುಂದೇನು ಎಂದು ಹುಡುಕುವ ಕೆಲಸಕ್ಕೆ ದೇಹ ಸಜ್ಜಾಗುವ ಬಗೆ ಅದು.

ಕಷ್ಟಕಾಲದಲ್ಲಿ ಮನಸ್ಸನ್ನು ನೋಡಿಕೊಳ್ಳುವ ಬಗ್ಗೆ ನಮ್ಮ ಪತ್ರಿಕೆಗಳ ಪುರವಣಿಗಳಲ್ಲಿ, ವಾಟ್ಸ್ಆಪ್ ಸಂದೇಶಗಳಲ್ಲಿ ಬರುವ ಬುದ್ಧಿಮಾತುಗಳಲ್ಲಿ ಬಹುಪಾಲು ಒಬ್ಬರೇ ಕೂತು ಮಾಡಿಕೊಳ್ಳಬೇಕಾದವು. ಧ್ಯಾನ ಮಾಡಿ, ಒಳ್ಳೆಯದನ್ನೇ ಯೋಚಿಸಿ, ದಿನಚರಿ ಬರೆಯಿರಿ. ಅವುಗಳಲ್ಲಿ ಕೆಲವು ನಿಜಕ್ಕೂ ಉಪಯೋಗಕ್ಕೆ ಬರುತ್ತವೆ, ಮುಂದೆ ಹೇಳುತ್ತೇನೆ. ನನ್ನ ತಕರಾರು ಹೊರೆ ಹೊರಿಸುವ ರೀತಿಯ ಬಗ್ಗೆ. ಗೊತ್ತಿಲ್ಲದಿರುವುದು ಇಷ್ಟು ನೋಯಿಸುವುದಾದರೆ, ಗೊತ್ತು ಮಾಡಿಸಬಲ್ಲವರ ಮೇಲೆಯೂ ಅರ್ಧ ಹೊಣೆ ಇದೆ. ಕಳೆದ ನಾಲ್ಕೈದು ದಶಕಗಳಲ್ಲಿ, ಅದರಲ್ಲೂ ಬೆಂಗಳೂರಿನ ಸುತ್ತಮುತ್ತಲೇ ನಡೆದ ಕೆಲಸವನ್ನು ಒಟ್ಟಿಗೆ ಇಟ್ಟು ನೋಡಿದರೆ ಈ ಮಾತಿಗೆ ಬೇಕಾದಷ್ಟು ಆಧಾರ ಸಿಗುತ್ತದೆ.

ಮೊದಲು ರೈತನಿಂದ ಶುರು ಮಾಡೋಣ, ಅನಿಶ್ಚಿತತೆ ಅವನಿಗೆ ಹೊಸದಲ್ಲ. 2013ರಲ್ಲಿ ಆನಂದಿ ಮಣಿ, ಸೆಂಧಿಲ್ ಮುಲ್ಲೈನಾಥನ್, ಎಲ್ಡರ್ ಶಫೀರ್ ಮತ್ತು ಜಿಯಾಯಿಂಗ್ ಝಾವೊ ಸೇರಿ ತಮಿಳುನಾಡಿನ 464 ಕಬ್ಬು ಬೆಳೆಗಾರರನ್ನು ಎರಡು ಸಲ ಪರೀಕ್ಷಿಸಿದ ಅಧ್ಯಯನ ‘ಸೈನ್ಸ್’ ಪತ್ರಿಕೆಯಲ್ಲಿ ಬಂತು. ಒಂದು ಸಲ ಕಟಾವಿಗೆ ಮುಂಚೆ, ಕೈಯಲ್ಲಿ ಕಾಸಿಲ್ಲದಾಗ; ಇನ್ನೊಂದು ಸಲ ಕಟಾವು ಮುಗಿದು ಹಣ ಬಂದ ಮೇಲೆ. ಅದೇ ಮನುಷ್ಯ, ಅದೇ ತಲೆ. ಆದರೆ ಮೊದಲ ಸಲ ಬುದ್ಧಿಯ ಪರೀಕ್ಷೆಗಳಲ್ಲಿ ತೆಗೆದ ಅಂಕ ಎರಡನೆಯದಕ್ಕಿಂತ ಎದ್ದು ಕಾಣುವಷ್ಟು ಕಡಿಮೆ. ಹಣದ ಚಿಂತೆ ತಲೆಯೊಳಗಿನ ಜಾಗವನ್ನು ತಿಂದುಹಾಕುತ್ತದೆ ಎಂಬುದು ಅವರ ತೀರ್ಮಾನ. ಮಂಡ್ಯ, ಬೆಳಗಾವಿ, ಬಾಗಲಕೋಟೆ ಕಡೆಯ ಬೆಳೆಗಾರರಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಾರ್ಖಾನೆಗೆ ಕಬ್ಬು ಹೋದ 14 ದಿನಗಳೊಳಗೆ ದುಡ್ಡು ಕೈಸೇರಬೇಕು. ಅದು ಎಷ್ಟು ವರ್ಷ ಹಾಗೆ ಸೇರಿದೆ ಎಂಬುದನ್ನು ಬಾಕಿಗಾಗಿ ನಡೆದ ರಸ್ತೆತಡೆಗಳೇ ಹೇಳುತ್ತವೆ. ಮಗಳ ಮದುವೆಗೆ ದಿನ ಗೊತ್ತು ಮಾಡಬೇಕಾದ ಅಪ್ಪನಿಗೆ ಬಾಕಿ ಹಣ ಕಡಿಮೆ ಬರುತ್ತದೆಂದು ತಿಳಿದರೆ ಏನೋ ಒಂದು ದಾರಿ ಹುಡುಕುತ್ತಾನೆ. ಯಾವಾಗ ಬರುತ್ತದೆಂದೇ ತಿಳಿಯದಿದ್ದರೆ ಹುಡುಕುವುದಕ್ಕೂ ಹಿಡಿಕೆ ಸಿಗುವುದಿಲ್ಲ.

ಐಟಿ ನೌಕರನ ಕಥೆಯೂ ಬೇರೆಯಲ್ಲ. ಪ್ರಾಜೆಕ್ಟ್ ಇಲ್ಲದೆ ‘ಬೆಂಚಿನ ಮೇಲೆ’ ಕೂತವನಿಗೆ ಸಂಬಳ ಬರುತ್ತಿರುತ್ತದೆ, ಆದರೆ ಎಚ್ಆರ್ ಕಡೆಯಿಂದ ಮೀಟಿಂಗಿಗೆ ಕರೆ ಬಂದರೆ ಹೊಟ್ಟೆಯಲ್ಲಿ ಕಲಸಿದಂತಾಗುತ್ತದೆ. ಅಮೆರಿಕದ ಎರಡು ದೀರ್ಘಕಾಲದ ಸಮೀಕ್ಷೆಗಳನ್ನು ಇಟ್ಟುಕೊಂಡು ಸಾರಾ ಬರ್ಗಾರ್ಡ್ ಮತ್ತು ಸಂಗಡಿಗರು 2009ರಲ್ಲಿ ತೋರಿಸಿದ್ದು ಇದನ್ನೇ: ಕೆಲಸ ಹೋಗಬಹುದೆಂಬ ಭಯ ವರ್ಷಗಟ್ಟಲೆ ಎಳೆದರೆ ಅದು ಆರೋಗ್ಯಕ್ಕೆ ಮಾಡುವ ಕೇಡು, ನಿಜವಾಗಿ ಕೆಲಸ ಕಳೆದುಕೊಂಡವರಿಗೆ ಆಗುವ ಕೇಡಿಗೆ ಕಡಿಮೆಯದೇನಲ್ಲ.

ಇನ್ನು ದುರಂತಗಳು. 1981ರ ಫೆಬ್ರವರಿ 7ರಂದು ಬೆಂಗಳೂರಿನಲ್ಲಿ ವೀನಸ್ ಸರ್ಕಸ್ಸಿನ ಡೇರೆಗೆ ಬೆಂಕಿ ಬಿದ್ದು 92 ಮಂದಿ ಸತ್ತರು. ಅವರಲ್ಲಿ ಹೆಚ್ಚಿನವರು ಮಕ್ಕಳು. ಆ ತಲೆಮಾರಿನ ಬೆಂಗಳೂರಿಗರಿಗೆ ಈಗಲೂ ಅದರ ನೆನಪು ಮಾಸಿಲ್ಲ. ಸತ್ತವರ ಬಂಧುಗಳ ದುಃಖ ಹೇಗೆ ಹೊರಬರುತ್ತದೆ, ಹೇಗೆ ಇಳಿಯುತ್ತದೆ ಎಂದು ನಿಮ್ಹಾನ್ಸ್‌ನ ತಂಡವೊಂದು ಅಧ್ಯಯನ ಮಾಡಿತು. ದುರಂತದ ಲೆಕ್ಕ ಎಂದರೆ ಸತ್ತವರೆಷ್ಟು, ಗಾಯಗೊಂಡವರೆಷ್ಟು, ಪರಿಹಾರವೆಷ್ಟು ಎಂದಷ್ಟೇ ಆಗಿದ್ದ ಕಾಲದಲ್ಲಿ ಉಳಿದವರ ಮನಸ್ಸೂ ಲೆಕ್ಕಕ್ಕೆ ಬರಬೇಕು ಎಂದು ತೋರಿಸಿದ, ಭಾರತದ ಮೊದಮೊದಲ ಪ್ರಯತ್ನಗಳಲ್ಲಿ ಅದೂ ಒಂದು.

ಸುಮಾರು ನಾಲ್ಕು ವರ್ಷಗಳ ಬಳಿಕ, 1984ರ ಡಿಸೆಂಬರ್ 2ರ ನಡುರಾತ್ರಿ, ಭೋಪಾಲ್. ಸೋರಿದ ವಿಷಾನಿಲಕ್ಕೆ ಸಿಕ್ಕವರು ಕೆಮ್ಮು, ಕಣ್ಣುರಿಯೊಂದಿಗೆ ಆಸ್ಪತ್ರೆಗೆ ಬಂದರು. ತಿಂಗಳುಗಳು ಕಳೆದ ಮೇಲೂ ನಿದ್ದೆ ಇಲ್ಲ, ಸಣ್ಣ ಸದ್ದಿಗೂ ಬೆಚ್ಚಿಬೀಳುವುದು, ಕೈಕಾಲು ಸೋಲುವುದು ನಿಲ್ಲಲಿಲ್ಲ. ವೈದ್ಯ ತಂಡಗಳಲ್ಲಿ ಮನೋವೈದ್ಯರೇ ಇರಲಿಲ್ಲ. ಅಲ್ಲಿನ ಸಾಮಾನ್ಯ ವೈದ್ಯರಿಗೆ ಮನಸ್ಸಿನ ನೋವನ್ನು ಗುರುತಿಸಿ ಚಿಕಿತ್ಸೆ ಕೊಡುವ ತರಬೇತಿ ನೀಡುವ ಕೆಲಸಕ್ಕೆ ನಿಮ್ಹಾನ್ಸ್‌ನ ಆರ್. ಶ್ರೀನಿವಾಸ ಮೂರ್ತಿ ಮತ್ತು ಸಂಗಡಿಗರು ಕೈಹಾಕಿದರು. ಅವರಿಗೆ ಇದು ಪೂರ್ತಿ ಹೊಸ ಕೆಲಸವೇನಲ್ಲ. ಬೆಂಗಳೂರಿನ ಹೊರವಲಯದ ಸಕಲವಾರದಲ್ಲಿ 1970ರ ದಶಕದಿಂದಲೇ ನಿಮ್ಹಾನ್ಸ್‌ನ ಗ್ರಾಮೀಣ ಘಟಕವಿತ್ತು. ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಮನೆಮನೆಗೆ ಹೋಗುವ ಆರೋಗ್ಯ ಕಾರ್ಯಕರ್ತರಿಗೂ ಕೆಲವೇ ಔಷಧಗಳ ಬಳಕೆ ಕಲಿಸಿ, ಮನೋರೋಗಿಗಳನ್ನು ಊರಲ್ಲೇ ನೋಡಿಕೊಳ್ಳಬಹುದೇ ಎಂಬ ಪರೀಕ್ಷೆ ಅಲ್ಲಿ ನಡೆದಿತ್ತು. 1985ರಲ್ಲಿ ಅದು ಬಳ್ಳಾರಿ ಜಿಲ್ಲೆಗೆ ಹಬ್ಬಿತು. ಇಂದು ದೇಶದಲ್ಲೆಲ್ಲ ನಡೆಯುತ್ತಿರುವ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ 1996ರಲ್ಲಿ ಆರಂಭವಾದದ್ದು ‘ಬಳ್ಳಾರಿ ಮಾದರಿ’ಯನ್ನು ಮುಂದಿಟ್ಟುಕೊಂಡೇ. ಗಣಿಯ ಧೂಳಿಗೆ ಹೆಸರಾದ ಜಿಲ್ಲೆ ಇಂಥದಕ್ಕೂ ಹೆಸರಾಗಿದೆ ಎಂಬುದು ಬಳ್ಳಾರಿಯವರಲ್ಲೇ ಎಷ್ಟೋ ಜನಕ್ಕೆ ಗೊತ್ತಿರಲಿಕ್ಕಿಲ್ಲ.

ಎಂಬತ್ತರ ದಶಕದ ಅದೇ ಹೊತ್ತಿನಲ್ಲಿ ಪಶ್ಚಿಮದಲ್ಲಿ ಬೇರೊಂದು ನಂಬಿಕೆ ಬೆಳೆಯುತ್ತಿತ್ತು. ದುರಂತ ಆದ ಕೂಡಲೇ ಸಂತ್ರಸ್ತರನ್ನು ಕೂರಿಸಿ, ನಡೆದದ್ದನ್ನೆಲ್ಲ ಮೊದಲಿನಿಂದ ಹೇಳಿಸಿ, ಅಳಿಸಿ, ಹೊರಗೆ ಹಾಕಿಸಿದರೆ ಮುಂದೆ ತೊಂದರೆ ಆಗುವುದಿಲ್ಲ ಎಂಬ ನಂಬಿಕೆ. ಜೆಫ್ರಿ ಮಿಚೆಲ್ 1983ರಲ್ಲಿ ಅಗ್ನಿಶಾಮಕ, ಆಂಬ್ಯುಲೆನ್ಸ್ ಸಿಬ್ಬಂದಿಗಾಗಿ ರೂಪಿಸಿದ ಈ ಪದ್ಧತಿ ಎಲ್ಲೆಡೆ ಹರಡಿತು. ಮುಂದೆ ಅದನ್ನು ಒರೆಗೆ ಹಚ್ಚಿದಾಗ ಫಲಿತಾಂಶ ತಲೆಕೆಳಗಾಯಿತು. ಇಂಥ ಒಂದೇ ಬೈಠಕ್ಕಿನ ಮಾತುಕತೆಯಿಂದ ಲಾಭ ಕಾಣಲಿಲ್ಲ. ಸುಟ್ಟಗಾಯಗಳಾಗಿ ಆಸ್ಪತ್ರೆ ಸೇರಿದವರ ಮೇಲೆ ಬ್ರಿಟನ್ನಿನಲ್ಲಿ ನಡೆದ ಪರೀಕ್ಷೆಯಲ್ಲಂತೂ ಹಾಗೆ ಮಾತಾಡಿಸಿದವರ ಸ್ಥಿತಿಯೇ ವರ್ಷದ ನಂತರ ಹೆಚ್ಚು ಕೆಟ್ಟಿತ್ತು. ‘ಒಳಗೆ ಇಟ್ಟುಕೊಳ್ಳಬೇಡ, ಎಲ್ಲ ಹೇಳಿಬಿಡು’ ಎಂದು ಒತ್ತಾಯಿಸುವ ಬಂಧುಗಳು, ಸಾವಿನ ಮನೆಯಲ್ಲಿ ಮೈಕ್ ಹಿಡಿದು ‘ಈಗ ನಿಮಗೆ ಏನನ್ನಿಸುತ್ತಿದೆ’ ಎಂದು ಕೇಳುವ ಟಿವಿ ವರದಿಗಾರರು ಇದನ್ನು ತಿಳಿದುಕೊಂಡರೆ ಒಳ್ಳೆಯದು.

ಆ ಪದ್ಧತಿಯ ಜಾಗಕ್ಕೆ ಈಗ ಬಂದಿರುವುದು ಮನಸ್ಸಿನ ಪ್ರಥಮ ಚಿಕಿತ್ಸೆ. ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ ಇದಕ್ಕೊಂದು ಕೈಪಿಡಿ ಹೊರತಂದಿತು. ನೋಡುವುದು, ಕೇಳಿಸಿಕೊಳ್ಳುವುದು, ಜೋಡಿಸುವುದು ಎಂಬ ಮೂರು ಕೆಲಸಗಳಲ್ಲಿ ಅದು ಮುಗಿಯುತ್ತದೆ. ಯಾರಿಗೆ ಏನು ಬೇಕಾಗಿದೆ ನೋಡಿ. ಅವರಾಗಿ ಹೇಳಿದರೆ ಕೇಳಿಸಿಕೊಳ್ಳಿ, ಕೆದಕಬೇಡಿ. ನೀರು, ಊಟ, ಹೊದಿಕೆ, ಮನೆಯವರ ಫೋನು, ಖಚಿತವಾದ ಸುದ್ದಿ ಇವುಗಳಿಗೆ ಅವರನ್ನು ಜೋಡಿಸಿ. ನೆರವೇರಿಸಲಾಗದ ಭರವಸೆ ಕೊಡಬೇಡಿ ಎಂದೂ ಅದರಲ್ಲಿ ಬರೆದಿದೆ. ಇದನ್ನು ಓದಿದರೆ ನಮ್ಮ ಅಜ್ಜಿಯರ ಕೇರಿಯಲ್ಲಿ ನಡೆಯುತ್ತಿದ್ದದ್ದೇ ಇದು ಅನ್ನಿಸುತ್ತದೆ. ಸೂತಕದ ಮನೆಯಲ್ಲಿ ಒಲೆ ಹಚ್ಚಬಾರದು ಎಂಬ ಕಟ್ಟಿನಿಂದ ನೆರೆಮನೆಯ ಅಡುಗೆ ತಾನಾಗಿ ಬರುತ್ತಿತ್ತು. ಒಬ್ಬರು ಸದಾ ಜೊತೆಗೆ ಕೂತಿರುತ್ತಿದ್ದರು, ಮಾತಾಡಲೇಬೇಕೆಂದಿರಲಿಲ್ಲ. ಹಳೆಯದೆಲ್ಲ ಚಿನ್ನ ಎಂದು ಹೇಳುತ್ತಿಲ್ಲ. ಅದೇ ಕಟ್ಟು ವಿಧವೆಯಾದವಳಿಗೆ ಏನು ಮಾಡುತ್ತಿತ್ತು ಎಂಬುದೂ ನಮಗೆ ಗೊತ್ತು.

ದುರಂತ ಕಂಡವರೆಲ್ಲ ಮನೋರೋಗಿಗಳಾಗುವುದಿಲ್ಲ ಎಂಬುದನ್ನೂ ಇಲ್ಲೇ ಹೇಳಬೇಕು. ಅಮೆರಿಕದ ಜಾರ್ಜ್ ಬೊನಾನೊ ದಶಕಗಳ ಕಾಲ ದುಃಖ, ಆಘಾತಗಳನ್ನು ಹಿಂಬಾಲಿಸಿ ತೋರಿಸಿರುವಂತೆ, ಹೆಚ್ಚಿನವರು ಯಾವ ಚಿಕಿತ್ಸೆಯೂ ಇಲ್ಲದೆ ತಮ್ಮ ಬದುಕಿಗೆ ಮರಳುತ್ತಾರೆ. ಎಲ್ಲರಿಗೂ ಕೌನ್ಸೆಲಿಂಗ್ ಬೇಕು ಎನ್ನುವುದು ಎಷ್ಟು ತಪ್ಪೋ ಯಾರಿಗೂ ಬೇಡ ಎನ್ನುವುದೂ ಅಷ್ಟೇ ತಪ್ಪು.

ಕೋವಿಡ್ ಬಂದಾಗ ಈ ತಿಳಿವಳಿಕೆಯಲ್ಲಿ ಎಷ್ಟು ಭಾಗ ಬಳಕೆಗೆ ಬಂತು? ಒಂದಷ್ಟು ಬಂತು. 2020ರ ಮಾರ್ಚ್ ಕೊನೆಯ ಹೊತ್ತಿಗೆ ನಿಮ್ಹಾನ್ಸ್ ಸಹಾಯವಾಣಿ ತೆರೆಯಿತು. ಜಿಲ್ಲಾ ಮಾನಸಿಕ ಆರೋಗ್ಯ ತಂಡಗಳು ಸೋಂಕಿತರಿಗೂ ಕ್ವಾರಂಟೀನಿನಲ್ಲಿದ್ದವರಿಗೂ ತಾವಾಗಿಯೇ ಕರೆ ಮಾಡಿ ಮಾತಾಡಿಸಿದವು. ಅದು ನಿಜಕ್ಕೂ ದೊಡ್ಡ ಕೆಲಸ. ಅದೇ ಸಮಯದಲ್ಲಿ ಅನಿಶ್ಚಿತತೆಯನ್ನು ಕೈಯಾರೆ ಹೆಚ್ಚಿಸಿದ್ದೂ ನಡೆಯಿತು. ಮೇ ಮೊದಲ ವಾರ ಬೆಂಗಳೂರಿನ ಕಟ್ಟಡ ಕಾರ್ಮಿಕರು ಬಿಹಾರ, ಉತ್ತರ ಪ್ರದೇಶ, ಜಾರ್ಖಂಡಿಗೆ ಹೋಗುವ ಶ್ರಮಿಕ ರೈಲಿಗೆ ಹೆಸರು ಬರೆಸಿ ಕಾಯುತ್ತಿದ್ದರು. ಬಿಲ್ಡರುಗಳ ಜೊತೆ ಸಭೆ ನಡೆದ ಬೆನ್ನಿಗೆ ರಾಜ್ಯ ಸರ್ಕಾರ ಮೇ 5ರಂದು ರೈಲು ಬೇಡವೆಂದು ಹೇಳಿತು. ಟೀಕೆ ಜೋರಾದಾಗ ಎರಡೇ ದಿನದಲ್ಲಿ ಮತ್ತೆ ರೈಲು ಬಿಡಲು ಒಪ್ಪಿತು. ಆ ಎರಡು ದಿನಗಳಲ್ಲಿ ಗಂಟುಮೂಟೆ ಹೊತ್ತು ಹೆದ್ದಾರಿ ಹಿಡಿದು ನಡೆದವರಿಗೆ ಯಾವ ಸಹಾಯವಾಣಿ ಏನು ಹೇಳೀತು? ಮಾರ್ಚ್ 27ಕ್ಕೆ ಶುರುವಾಗಬೇಕಿದ್ದ ಎಸ್ಸೆಸ್ಸೆಲ್ಸಿ ಪರೀಕ್ಷೆ ಜೂನ್ 25ರವರೆಗೆ ಮುಂದೆ ಹೋಯಿತು. ಎಂಟು ಲಕ್ಷಕ್ಕೂ ಹೆಚ್ಚು ಮಕ್ಕಳು ಮೂರು ತಿಂಗಳು ಓದುವುದೋ ಬಿಡುವುದೋ ತಿಳಿಯದೆ ಕೂತಿದ್ದರು. ಪರೀಕ್ಷೆ ನಡೆಸಬಾರದಿತ್ತು ಎಂಬುದು ನನ್ನ ವಾದವಲ್ಲ. ನಡೆಸಿದ್ದು ಸರಿಯೇ ಇರಬಹುದು. ಇಂಥ ದಿನ ತೀರ್ಮಾನ ಹೇಳುತ್ತೇವೆ, ಅಲ್ಲಿಯವರೆಗೆ ಏನನ್ನೂ ಹೇಳುವುದಿಲ್ಲ ಎಂದು ಮೊದಲೇ ಹೇಳಿದ್ದರೂ ಮಕ್ಕಳಿಗೆ ಉಸಿರು ಬಿಡಲು ಜಾಗ ಸಿಗುತ್ತಿತ್ತು.

ರಾಷ್ಟ್ರೀಯ ಅಪರಾಧ ದಾಖಲೆಗಳ ವಿಭಾಗದ ಅಂಕಿಅಂಶಗಳು ಓದಲು ಕಷ್ಟವಾದವು, ಆದರೂ ಓದಬೇಕು. ದೇಶದಲ್ಲಿ ಆತ್ಮಹತ್ಯೆಯಿಂದ ಸತ್ತವರ ಸಂಖ್ಯೆ 2019ರಲ್ಲಿ 1,39,123 ಇದ್ದದ್ದು 2022ರ ಹೊತ್ತಿಗೆ 1,70,924ಕ್ಕೆ ಏರಿತು. 2022ರಲ್ಲಿ ಸತ್ತವರ ಪೈಕಿ ಕಾಲುಭಾಗಕ್ಕೂ ಹೆಚ್ಚು ಜನ ದಿನಗೂಲಿಯವರು. ಒಂದು ಸಾವಿನ ಹಿಂದೆ ಒಂದೇ ಕಾರಣ ಇರುವುದಿಲ್ಲ, ಅದನ್ನು ಹುಡುಕಹೊರಡುವುದೂ ತಪ್ಪು. ಆದರೆ ನಾಳೆ ಕೂಲಿ ಸಿಗುತ್ತದೋ ಇಲ್ಲವೋ ಎಂಬಲ್ಲಿ ಬದುಕುವವರು ಈ ಪಟ್ಟಿಯಲ್ಲಿ ಇಷ್ಟು ದೊಡ್ಡ ಪಾಲು ಇದ್ದಾರೆಂಬುದನ್ನು ಬದಿಗಿಟ್ಟು ಉಸಿರಾಟದ ವ್ಯಾಯಾಮದ ಬಗ್ಗೆ ಮಾತ್ರ ಮಾತಾಡಲು ನನಗೆ ಮನಸ್ಸಾಗುವುದಿಲ್ಲ.

ಹಣದ ಭರವಸೆ ಮನಸ್ಸನ್ನು ಕಾಯುತ್ತದೆ ಎಂಬುದಕ್ಕೆ ಇಂಡೊನೇಷ್ಯಾದಿಂದ ಒಳ್ಳೆಯ ಸಾಕ್ಷ್ಯವಿದೆ. ಅಲ್ಲಿ ಬಡ ಕುಟುಂಬಗಳಿಗೆ ನೇರ ನಗದು ಕೊಡುವ ಯೋಜನೆ ಹಂತಹಂತವಾಗಿ ಬೇರೆ ಬೇರೆ ತಾಲ್ಲೂಕುಗಳಿಗೆ ಹಬ್ಬಿದಾಗ ಆತ್ಮಹತ್ಯೆಗಳು ಸುಮಾರು ಶೇ 18ರಷ್ಟು ಕಡಿಮೆಯಾದವು ಎಂದು 2019ರಲ್ಲಿ ಅರ್ಥಶಾಸ್ತ್ರಜ್ಞರು ಲೆಕ್ಕ ಹಾಕಿ ತೋರಿಸಿದರು. ನಮ್ಮಲ್ಲಿ ಗೃಹಲಕ್ಷ್ಮಿಯ ತಿಂಗಳ 2,000 ರೂಪಾಯಿಯನ್ನು ಖಜಾನೆ ತಡೆಯುತ್ತದೆಯೇ, ಓಟು ತರುತ್ತದೆಯೇ ಎಂದು ಅಳೆದದ್ದೇ ಅಳೆದದ್ದು. ಅದು ಮನೆಯ ಯಜಮಾನಿಯ ನಿದ್ದೆಗೆ ಏನು ಮಾಡಿದೆ ಎಂದೂ ಕೇಳಬಹುದಿತ್ತು. ‘ಅಕ್ಕಾ, ನಿಂಗೆ ಬಂತಾ? ನಂಗಿನ್ನೂ ಬಂದಿಲ್ಲ’ ಎಂದು ಕಂತು ತಡವಾದಾಗಲೆಲ್ಲ ನಡೆಯುವ ಮಾತುಕತೆಯನ್ನು ಕೇಳಿದವರಿಗೆ, ಮೊತ್ತದಷ್ಟೇ ತಾರೀಖೂ ಮುಖ್ಯ ಎಂಬುದು ತಿಳಿಯುತ್ತದೆ. 2025ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರ ಕಿರುಸಾಲ ವಸೂಲಿಯ ದಬ್ಬಾಳಿಕೆಗೆ ತಡೆಹಾಕಲು ಸುಗ್ರೀವಾಜ್ಞೆ ತಂದಿತು. ಕಂತು ಕೇಳಲು ಬರುವವರಿಗೆ ಹೆದರಿ ಮನೆಗೆ ಬೀಗ ಹಾಕಿ ಊರು ಬಿಟ್ಟ ಕುಟುಂಬಗಳ ಸುದ್ದಿ ಅದಕ್ಕೆ ಮುಂಚೆ ಜಿಲ್ಲೆ ಜಿಲ್ಲೆಗಳಿಂದ ಬಂದಿತ್ತು. ಆ ಸುಗ್ರೀವಾಜ್ಞೆಯನ್ನು ಯಾರೂ ಮಾನಸಿಕ ಆರೋಗ್ಯದ ಕಾನೂನು ಎಂದು ಕರೆಯಲಿಲ್ಲ. ಬಾಗಿಲು ತಟ್ಟಿದ ಸದ್ದಿಗೆ ಬೆಚ್ಚುವ ಮನೆಗೆ ಅದು ಮತ್ತೇನು?

ಇಷ್ಟು ಹೇಳಿದ ಮೇಲೆ, ನಮ್ಮ ಕೈಯಲ್ಲಿರುವುದರ ಕಡೆಗೆ ಬರೋಣ. ಸರ್ಕಾರ, ಕಂಪನಿ, ಮಳೆ ಎಲ್ಲ ಸರಿಹೋಗುವವರೆಗೆ ಕಾಯಲು ಆಗುವುದಿಲ್ಲವಲ್ಲ.

ಒಂದು, ಚಿಂತೆಗೆ ಹೊತ್ತು ಗೊತ್ತು ಮಾಡುವುದು. ಪೆನ್ಸಿಲ್ವೇನಿಯಾದ ಥಾಮಸ್ ಬಾರ್ಕವೆಕ್ ಮತ್ತು ಸಂಗಡಿಗರು 1983ರಲ್ಲಿ ಪರೀಕ್ಷಿಸಿದ ಉಪಾಯ ಇದು. ದಿನವೂ ಒಂದೇ ಜಾಗ, ಒಂದೇ ಸಮಯ, ಅರ್ಧ ಗಂಟೆ. ಚಿಂತೆ ಮಾಡುವುದೆಲ್ಲ ಅಲ್ಲೇ. ಉಳಿದ ಹೊತ್ತಿನಲ್ಲಿ ಚಿಂತೆ ತಲೆ ಎತ್ತಿದರೆ ‘ಸಂಜೆ ಆರಕ್ಕೆ ಬಾ’ ಎಂದು ಮುಂದೂಡುವುದು. ಕೇಳಿದರೆ ನಗು ಬರುತ್ತದೆ, ಆದರೆ ಕೆಲಸ ಮಾಡುತ್ತದೆ. ಚಿಂತೆ ಮಾಡಬೇಡ ಎಂದರೆ ಮನಸ್ಸು ಮಾತು ಕೇಳುವುದಿಲ್ಲ, ಆಮೇಲೆ ಮಾಡು ಎಂದರೆ ಬಹಳ ಸಲ ಕೇಳುತ್ತದೆ. ಆರಕ್ಕೆ ಕೂತಾಗ ಒಂದು ಕಾಗದದಲ್ಲಿ, ಇಂದು ನಾನು ಮಾಡಬಹುದಾದದ್ದು ಯಾವುದು, ಕಾಯುವುದನ್ನು ಬಿಟ್ಟು ದಾರಿಯಿಲ್ಲದ್ದು ಯಾವುದು ಎಂದು ಬರೆದರೆ ಮೊದಲನೆಯ ಪಟ್ಟಿ ಹೆಚ್ಚಿನ ಸಲ ಊಹಿಸಿದ್ದಕ್ಕಿಂತ ಉದ್ದವಿರುತ್ತದೆ.

ಇನ್ನೊಂದು, ಕೈಗೆ ಕೆಲಸ. ಮಂಕು ಕವಿದವರಿಗೆ ಮನಸ್ಸು ಸರಿಯಾದ ಮೇಲೆ ಕೆಲಸ ಮಾಡಿದರಾಯಿತು ಅನ್ನಿಸುತ್ತದೆ. ನಿಜವಾಗಿ ನಡೆಯುವುದು ಇದರ ತಿರುಗುಮುರುಗು. ಗೋವಾದ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ವಿಕ್ರಮ್ ಪಟೇಲ್ ಮತ್ತು ಸಂಗಡಿಗರು ನಡೆಸಿದ ಪ್ರಯೋಗದ ವರದಿ 2017ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂತು. ತೀವ್ರ ಖಿನ್ನತೆಯವರಿಗೆ ಮನೋವಿಜ್ಞಾನ ಓದಿರದ ಸ್ಥಳೀಯ ಕಾರ್ಯಕರ್ತರು ಆರೆಂಟು ಭೇಟಿಗಳಲ್ಲಿ ಮಾಡಿದ್ದು ಇಷ್ಟೇ: ಬಿಟ್ಟುಹೋದ ಸಣ್ಣ ಸಣ್ಣ ಕೆಲಸಗಳನ್ನು, ಭೇಟಿಗಳನ್ನು ಒಂದೊಂದಾಗಿ ಮತ್ತೆ ಶುರು ಮಾಡಿಸಿದರು. ಸಾಮಾನ್ಯ ಚಿಕಿತ್ಸೆ ಮಾತ್ರ ಪಡೆದವರಿಗಿಂತ ಹೆಚ್ಚು ಜನ ಚೇತರಿಸಿಕೊಂಡರು. ಜಿಂಬಾಬ್ವೆಯಲ್ಲಿ ಇದೇ ಬಗೆಯ ಕೆಲಸವನ್ನು ಆಸ್ಪತ್ರೆ ಆವರಣದ ಮರದ ಬೆಂಚಿನಲ್ಲಿ ಕೂತು ಅಜ್ಜಿಯರೇ ಮಾಡುತ್ತಿದ್ದಾರೆ. ಮನೋವೈದ್ಯ ಡಿಕ್ಸನ್ ಚಿಬಾಂಡ ಕಟ್ಟಿದ ಆ ಪದ್ಧತಿಯ ಫಲವನ್ನು 2016ರಲ್ಲಿ ಪ್ರಕಟವಾದ ಅಧ್ಯಯನ ದೃಢಪಡಿಸಿದೆ.

ನಿದ್ದೆ, ನಡಿಗೆ, ಊಟದ ಹೊತ್ತು, ಕುಡಿತದಿಂದ ದೂರ ಇವೆಲ್ಲ ಎಲ್ಲರಿಗೂ ಗೊತ್ತಿರುವವೇ, ಮತ್ತೆ ಬರೆದು ಬೇಸರ ತರಿಸುವುದಿಲ್ಲ. ಸುದ್ದಿಯ ವಿಷಯ ಮಾತ್ರ ಹೇಳಬೇಕು. ಅನಿಶ್ಚಿತತೆಯಲ್ಲಿ ಫೋನನ್ನು ಮತ್ತೆ ಮತ್ತೆ ನೋಡುವುದು ಸಹಜ, ಮನಸ್ಸು ಮಾಹಿತಿ ಹುಡುಕುತ್ತಿದೆ. ಆದರೆ ‘ಬ್ರೇಕಿಂಗ್’ ಪಟ್ಟಿ ಕೊಡುವುದು ಮಾಹಿತಿಯನ್ನಲ್ಲ, ಇನ್ನಷ್ಟು ಊಹೆಗಳನ್ನು. ದಿನಕ್ಕೆ ಎರಡು ಹೊತ್ತು, ನಂಬುವ ಒಂದು ಮೂಲ, ಅಷ್ಟು ಸಾಕು.

ನಗುವಿನ ಬಗ್ಗೆಯೂ ಒಂದು ಮಾತು, ಕನ್ನಡದಲ್ಲಿ ಅದಕ್ಕೊಂದು ವಿಶೇಷ ಕಾರಣವಿದೆ. 1942ರಲ್ಲಿ, ಯುದ್ಧ ನಡೆಯುತ್ತಿದ್ದ, ಎಲ್ಲದಕ್ಕೂ ಅಭಾವವಿದ್ದ ಕಾಲದಲ್ಲಿ ‘ಕೊರವಂಜಿ’ ಹಾಸ್ಯಪತ್ರಿಕೆ ಶುರು ಮಾಡಿದವರು ಒಬ್ಬ ವೈದ್ಯರು, ‘ರಾಶಿ’ ಎಂಬ ಹೆಸರಿನ ಡಾ. ಎಂ. ಶಿವರಾಂ. ಕನ್ನಡಿಗರಿಗೆ ಮನಸ್ಸಿನ ಶಾಸ್ತ್ರವನ್ನು ಕನ್ನಡದಲ್ಲೇ ಬಿಡಿಸಿ ಹೇಳಿದವರೂ ಅವರೇ. ಅವರ ‘ಮನಮಂಥನ’ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಮನೋವೈದ್ಯ ಸಿ.ಆರ್. ಚಂದ್ರಶೇಖರ್ ಅವರು ಮುಂದೆ ಸಣ್ಣ ಸಣ್ಣ ಪುಸ್ತಕಗಳ ಮೂಲಕ ಆ ದಾರಿಯನ್ನು ಇನ್ನಷ್ಟು ಅಗಲ ಮಾಡಿದರು. ಇಂಗ್ಲಿಷ್ ಬಾರದವರಿಗೆ ತಮ್ಮ ಸಂಕಟ ಏನೆಂದು ತಿಳಿಯಲು ಪುಸ್ತಕ ಸಿಗುವುದೂ ಒಂದು ಬಗೆಯ ಭರವಸೆಯೇ.

ಹತ್ತಿರದವರು ಕಂಗಾಲಾದಾಗ ನಾವೇನು ಹೇಳುತ್ತೇವೆ? ‘ತಲೆ ಕೆಡಿಸ್ಕೋಬೇಡ’, ‘ಎಲ್ಲ ಸರಿಹೋಗುತ್ತೆ ಬಿಡು’, ‘ನಿನಗಿಂತ ಕಷ್ಟದಲ್ಲಿರೋರನ್ನ ನೋಡು’. ಪ್ರೀತಿಯಿಂದಲೇ ಹೇಳುತ್ತೇವೆ. ಆದರೆ ಸರಿಹೋಗುತ್ತದೆಂದು ಹೇಳುವವನಿಗೂ ಅದು ಗೊತ್ತಿಲ್ಲವೆಂದು ಕೇಳುವವನಿಗೆ ಗೊತ್ತಿರುತ್ತದೆ. ಅದರ ಬದಲು ‘ನಾಳೆ ಬೆಳಿಗ್ಗೆ ಹತ್ತಕ್ಕೆ ಫೋನ್ ಮಾಡ್ತೀನಿ ಕಣೋ’ ಎಂದು ಹೇಳಿ ಹತ್ತಕ್ಕೇ ಮಾಡಿದರೆ, ಏನೂ ನಿಂತಿಲ್ಲದ ದಿನದಲ್ಲಿ ಒಂದು ಗೂಟ ನೆಟ್ಟಂತಾಗುತ್ತದೆ. ‘ಬ್ಯಾಂಕಿಗೆ ನಾನೂ ಬರ್ತೀನಿ ನಡಿ ಅಣ್ಣ, ಮ್ಯಾನೇಜರ್ ಏನಂತಾರೋ ಕೇಳೇಬಿಡೋಣ’ ಎಂಬುದು ಇನ್ನೂ ದೊಡ್ಡದು.

ಯಾವಾಗ ವೈದ್ಯರ ಬಳಿ ಹೋಗಬೇಕು? ನಿದ್ದೆ, ಹಸಿವು, ಕೆಲಸದಲ್ಲಿನ ಗಮನ ಎರಡು ವಾರಕ್ಕೂ ಮಿಕ್ಕಿ ಕೆಟ್ಟಿದ್ದರೆ, ಮೊದಲು ಹಿಡಿಸುತ್ತಿದ್ದ ಯಾವುದೂ ಹಿಡಿಸದಿದ್ದರೆ ಹೋಗಬೇಕು. ಬದುಕಿರುವುದೇ ಬೇಡ ಅನ್ನಿಸಿದರೆ ಎರಡು ವಾರ ಕಾಯಬಾರದು, ಅವತ್ತೇ ಯಾರಿಗಾದರೂ ಹೇಳಬೇಕು. ನಮ್ಮವರಲ್ಲಿ ಎಷ್ಟೋ ಜನ ಮನಸ್ಸಿನ ನೋವನ್ನು ಮೈಕೈ ನೋವು, ಎದೆ ಉರಿ, ತಲೆಭಾರ ಎಂದೇ ಹೇಳುವುದರಿಂದ ಸ್ಕ್ಯಾನಿಂಗಿನಲ್ಲಿ ಏನೂ ಕಾಣದ ಮೇಲೂ ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆಯುವುದು ನಡೆಯುತ್ತದೆ. ಹಗಲು ರಾತ್ರಿ ಕನ್ನಡದಲ್ಲಿ ಉಚಿತವಾಗಿ ಮಾತಾಡುವ ಟೆಲಿ-ಮಾನಸ್ 2022ರ ಅಕ್ಟೋಬರ್ 10ರಿಂದ ಇದೆ, ಸಂಖ್ಯೆ 14416. ಅದರ ಮುಖ್ಯ ಕೇಂದ್ರ ನಿಮ್ಹಾನ್ಸ್. ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗೇ ಮನೋವೈದ್ಯರು ಬರುವ ‘ಮನೋಚೈತನ್ಯ’ ಕಾರ್ಯಕ್ರಮವೂ ರಾಜ್ಯದಲ್ಲಿದೆ. ಇಷ್ಟಿದ್ದೂ ಹೋಗುವವರು ಕಡಿಮೆ. 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ ಕಾಯಿಲೆಯ ಬಗೆಗೆ ತಕ್ಕಂತೆ ನೂರಕ್ಕೆ 70ರಿಂದ 92 ಮಂದಿಗೆ ಚಿಕಿತ್ಸೆ ಸಿಕ್ಕಿರಲಿಲ್ಲ. ಜನ ಏನೆಂದಾರು ಎಂಬ ಭಯ ಅದರಲ್ಲಿ ದೊಡ್ಡದು. ಈ ವಿಷಯದಲ್ಲಿ ತ್ರಿವೇಣಿ ಅವರ ‘ಶರಪಂಜರ’ ಇಂದಿಗೂ ಹಳತಾಗಿಲ್ಲ. ಅದನ್ನು 1971ರಲ್ಲಿ ಪುಟ್ಟಣ್ಣ ಕಣಗಾಲ್ ತೆರೆಗೆ ತಂದಾಗ ಇಡೀ ನಾಡು ಕಲ್ಪನಾ ಅವರ ಕಾವೇರಿಗಾಗಿ ಅತ್ತಿತು. ಆಸ್ಪತ್ರೆಯಿಂದ ವಾಸಿಯಾಗಿ ಬಂದವಳನ್ನು ಮತ್ತೆ ಒಡೆದುಹಾಕಿದ್ದು ಮನೆಯವರ ಅನುಮಾನದ ಕಣ್ಣು. ಚಿತ್ರಮಂದಿರದಲ್ಲಿ ಅತ್ತವರು ಮನೆಗೆ ಹೋಗಿ ಅದೇ ಕಣ್ಣಲ್ಲಿ ನೆರೆಮನೆಯವರನ್ನು ನೋಡಿದ್ದೂ ಸುಳ್ಳಲ್ಲ.

ಹಳ್ಳಿಯಲ್ಲಿ ಮನಸ್ಸು ನೊಂದವರನ್ನು ಮೊದಲು ಗುರುತಿಸುವವರು, ಮನೆ ಬಾಗಿಲಿಗೆ ಹೋಗಿ ‘ಯಾಕಕ್ಕಾ, ಮೈ ಹುಷಾರಿಲ್ವಾ’ ಎಂದು ಕೇಳುವವರು ಆಶಾ ಕಾರ್ಯಕರ್ತೆಯರು. ಸಕಲವಾರ, ಬಳ್ಳಾರಿಗಳಲ್ಲಿ ಆರೋಗ್ಯ ಕಾರ್ಯಕರ್ತರ ಮೇಲೆ ಹೊರಿಸಿದ್ದ ಕೆಲಸದಲ್ಲಿ ದೊಡ್ಡ ಪಾಲು ಈಗ ಅವರ ಹೆಗಲಿಗೆ ಬಂದಿದೆ. ಕೋವಿಡ್ ಕಾಲದಲ್ಲಿ ಮನೆಮನೆ ಸುತ್ತಿದವರೂ ಅವರೇ. 2025ರ ಜನವರಿಯಲ್ಲಿ ಅವರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಚಳಿಯಲ್ಲಿ ನಾಲ್ಕು ದಿನ ಕೂತರು. ತಿಂಗಳಿಗೆ ಇಷ್ಟು ಖಂಡಿತ ಬರುತ್ತದೆ ಎಂಬ ಖಾತರಿ ಕೊಡಿ ಎಂಬುದು ಅವರ ಮುಖ್ಯ ಬೇಡಿಕೆ. ಏಪ್ರಿಲ್‌ನಿಂದ ಹತ್ತು ಸಾವಿರ ರೂಪಾಯಿ ಖಚಿತ ಎಂಬ ಭರವಸೆ ಪಡೆದು ಊರಿಗೆ ಹೋದರು. ಆಗಸ್ಟ್‌ನಲ್ಲಿ ಅದೇ ಬೇಡಿಕೆ ಹಿಡಿದು ಮತ್ತೆ ಧರಣಿ ಕೂತರು.